ಕೇಳಿಸಿಕೊಳ್ಳದವನ ಮೂರು ಋತು



ಬಾನುಲಿಯಲ್ಲಿ ಸಿನಿಮಾ ಎಂದ ಕೂಡಲೇ ನಮಗೆಲ್ಲ ಚಿತ್ರಗೀತೆ ನೆನಪಾಗುತ್ತದೆ. ಸ್ವಲ್ಪ ವಯಸ್ಸಾದವರಿಗೆ ಚಲನಚಿತ್ರ ಧ್ವನಿವಾಹಿನಿಯೂ ನೆನಪಾದೀತು. ಟಾಕೀಸಿನ ಮೆಟ್ಟಿಲು ಹತ್ತದೆಯೇ ಇಡೀ ಚಿತ್ರದ ಸಂಭಾಷಣೆ ಬಾಯಿಪಾಠ ಮಾಡಿಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಇವತ್ತು ನಾನು ಹೇಳಹೊರಟಿರುವ ಚಿತ್ರವನ್ನು ಹಾಗೆ ಧ್ವನಿವಾಹಿನಿಯಾಗಿ ಹಾಕಿದರೆ ಏನು ಕೇಳಿಸೀತು? ನೊಣದ ಗುಂಯ್‌ಗುಡುವಿಕೆ. ಎಲ್ಲೋ ದೂರದಲ್ಲಿ ನಾಯಿ ಬೊಗಳಿದ್ದು. ಸಿಗರೇಟಿನ ತುದಿ ಚಟಚಟ ಉರಿದದ್ದು. ಗುಡುಗು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ರೇಡಿಯೋ ಕೆಟ್ಟಿದೆ ಎಂದುಕೊಂಡು ನೀವು ಅದರ ತಲೆಗೆ ಎರಡು ತಟ್ಟಿಬಿಟ್ಟೀರಿ.

ಆದರೂ ಬಾನುಲಿಯಲ್ಲೇ ಮಾತಾಡಬೇಕಾದ ಚಿತ್ರ ಇದು ಎಂದು ನನಗೆ ಅನಿಸಿದೆ. ಯಾಕೆಂದರೆ ಇದರ ವಿಷಯವೇ ಕೇಳಿಸಿಕೊಳ್ಳುವುದು. ಸರಿಯಾಗಿ ಹೇಳುವುದಾದರೆ, ಕೇಳಿಸಿಕೊಳ್ಳಲು ಬಾರದ ಒಬ್ಬ ಗಂಡಸು.

ಚಿತ್ರದ ಹೆಸರು ‘ಇಕ್ಲಿಮ್ಲೆರ್’. ತುರ್ಕಿಯದು, 2006ರಲ್ಲಿ ಬಂದದ್ದು. ಹೊರದೇಶಗಳಲ್ಲಿ ಇದನ್ನು ‘ಕ್ಲೈಮೇಟ್ಸ್’ ಎಂದು ಕರೆಯುತ್ತಾರೆ. ಬರೆದು ನಿರ್ದೇಶಿಸಿದವರು ನೂರಿ ಬಿಲ್ಗೆ ಜೆಯ್ಲಾನ್. ಆ ವರ್ಷ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿದ್ದು, ಅಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟ ಕೊಡುವ ಫಿಪ್ರೆಸ್ಕಿ ಪ್ರಶಸ್ತಿಯನ್ನು ಪಡೆಯಿತು.

ಕಥೆ ಹೇಳಲು ಒಂದು ನಿಮಿಷ ಸಾಕು. ಇಸಾ ಇಸ್ತಾಂಬುಲ್‌ನಲ್ಲಿ ಕಾಲೇಜು ಮೇಷ್ಟ್ರು. ಮುಗಿಯದ ಪ್ರಬಂಧವೊಂದು ವರ್ಷಗಳಿಂದ ಅವನ ತಲೆಯ ಮೇಲಿದೆ. ಪಾಳುಬಿದ್ದ ಪುರಾತನ ಕಟ್ಟಡಗಳ ಫೋಟೋ ತೆಗೆಯುವುದು ಅವನ ಕೆಲಸದ ಭಾಗ. ಬಹಾರ್ ಅವನಿಗಿಂತ ತುಂಬ ಚಿಕ್ಕವಳು, ಟಿವಿ ಧಾರಾವಾಹಿಗಳಿಗೆ ಕಲಾ ನಿರ್ದೇಶಕಿ. ಇಬ್ಬರೂ ಬೇಸಿಗೆಯ ರಜೆಗೆಂದು ತುರ್ಕಿಯ ದಕ್ಷಿಣ ಕರಾವಳಿಯ ಕಾಶ್ ಎಂಬ ಊರಿಗೆ ಬಂದಿದ್ದಾರೆ. ಅಲ್ಲಿ ಬೇರೆಯಾಗುತ್ತಾರೆ. ಇಸ್ತಾಂಬುಲ್‌ನ ಮಳೆಗಾಲದಲ್ಲಿ ಇಸಾ ತನ್ನ ಹಳೆಯ ಗೆಳತಿ ಸೆರಾಪ್ ಎಂಬವಳ ಮನೆಗೆ ಹೋಗುತ್ತಾನೆ. ಚಳಿಗಾಲದಲ್ಲಿ ಬಹಾರ್ ದೇಶದ ಪೂರ್ವದ ತುದಿಯಲ್ಲಿ, ಹಿಮ ಸುರಿಯುವ ಆರಿ ಪ್ರಾಂತ್ಯದಲ್ಲಿ, ಚಿತ್ರೀಕರಣದಲ್ಲಿದ್ದಾಳೆ ಎಂದು ತಿಳಿದು ಅಲ್ಲಿಗೆ ಹೊರಡುತ್ತಾನೆ. ಬೇಸಿಗೆ, ಮಳೆ, ಚಳಿ. ವಸಂತ ಬರುವ ಮುಂಚೆ ಚಿತ್ರ ಮುಗಿಯುತ್ತದೆ.

ಇಷ್ಟೇನಾ ಅಂದಿರಾ? ಇಷ್ಟೇ. ಇದಕ್ಕೆ ಸುಮಾರು 100 ನಿಮಿಷ.

ನಿಧಾನ ಎಂಬ ದೂರು ಜೆಯ್ಲಾನ್ ಅವರಿಗೆ ಹೊಸದಲ್ಲ. ಆ ದೂರನ್ನು ಅವರೇ ಎಲ್ಲರಿಗಿಂತ ಮೊದಲು ಗೇಲಿ ಮಾಡಿ ಮುಗಿಸಿದ್ದಾರೆ. 2002ರ ‘ಉಜಾಕ್’ ಚಿತ್ರದಲ್ಲಿ ಇಸ್ತಾಂಬುಲ್‌ನ ಒಬ್ಬ ಫೋಟೋಗ್ರಾಫರನ ಮನೆಗೆ ಹಳ್ಳಿಯಿಂದ ನೆಂಟ ಬಂದು ಕೂತಿದ್ದಾನೆ. ಒಂದು ರಾತ್ರಿ ಫೋಟೋಗ್ರಾಫರ್ ತಾರ್ಕೋವ್‌ಸ್ಕಿಯ ‘ಸ್ಟಾಕರ್’ ಚಿತ್ರದ ಟೇಪು ಹಾಕುತ್ತಾನೆ. ರೈಲು ಹಳಿಯ ಮೇಲೆ ಮೂವರು ಸುಮ್ಮನೆ ಕೂತು ಸಾಗುವ ಆ ಪ್ರಸಿದ್ಧ ದೃಶ್ಯ ಓಡುತ್ತಿದೆ. ನೆಂಟ ತಡೆಯಲಾಗದೆ ಎದ್ದು ಮಲಗಲು ಹೋಗುತ್ತಾನೆ. ಅವನು ಅತ್ತ ಹೋದದ್ದೇ ತಡ, ಈ ಮಹಾಶಯ ಇತ್ತ ಟೇಪು ಬದಲಿಸಿ ಅಶ್ಲೀಲ ಚಿತ್ರ ಹಾಕಿಕೊಳ್ಳುತ್ತಾನೆ! ಕಲಾತ್ಮಕ ಚಿತ್ರ ನೋಡುವವರ ಠೀವಿಯನ್ನು ಒಬ್ಬ ಕಲಾತ್ಮಕ ನಿರ್ದೇಶಕನೇ ಇಷ್ಟು ಚೆನ್ನಾಗಿ ಬಯಲು ಮಾಡಿದ್ದನ್ನು ನಾನು ಬೇರೆ ಕಡೆ ನೋಡಿಲ್ಲ. ಆ ಚಿತ್ರಕ್ಕೆ 2003ರಲ್ಲಿ ಕಾನ್‌ನ ಗ್ರಾಂ ಪ್ರಿ ಬಂತು, ಅದರ ಇಬ್ಬರು ನಟರೂ ಸೇರಿ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ನೆಂಟನ ಪಾತ್ರ ಮಾಡಿದ ಮೆಹ್ಮೆತ್ ಎಮಿನ್ ತೋಪ್ರಾಕ್ ಅಷ್ಟರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು.

ನಿಧಾನದ ಮಾತು ಬಂದಾಗ ಇನ್ನೊಂದನ್ನೂ ಹೇಳಿಬಿಡುತ್ತೇನೆ. ತುರ್ಕಿಯ ಟಿವಿ ಧಾರಾವಾಹಿಗಳು ಈಗ ಜಗತ್ತಿನ ಎಷ್ಟೋ ದೇಶಗಳಲ್ಲಿ ಓಡುತ್ತಿವೆ. ತುರ್ಕಿಯ ವಾಹಿನಿಗಳಲ್ಲಿ ಅವುಗಳ ವಾರದ ಒಂದೊಂದು ಕಂತೂ ಎರಡು ಗಂಟೆ ದಾಟುತ್ತದೆ. ಅದನ್ನು ಯಾರೂ ನಿಧಾನ ಎನ್ನುವುದಿಲ್ಲ. ನಮ್ಮ ಮನೆಗಳಲ್ಲೂ ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡುವ ಒಂದು ನೋಟಕ್ಕೆ ಮೂರು ಸಲ ಸಿಡಿಲು ಬಡಿದು, ನಾಲ್ಕು ಕೋನದಿಂದ ಕ್ಯಾಮೆರಾ ಹಾರಿ, ಜಾಹೀರಾತು ಬಂದು ಹೋದರೂ ನಾವು ಎದ್ದು ಹೋಗುವುದಿಲ್ಲ. ನಮಗೆ ಬೇಸರ ತರಿಸುವುದು ಸಮಯವೇ ಆಗಿದ್ದರೆ ಆಗಲೇ ಏಳಬೇಕಿತ್ತು. ಒಂದು ಮುಖದ ಎದುರು ಏನೂ ಮಾಡದೆ ಕೂತಿರಬೇಕಾಗಿ ಬಂದಾಗ ನಮಗೆ ಕಸಿವಿಸಿಯಾಗುತ್ತದೆ.

‘ಇಕ್ಲಿಮ್ಲೆರ್’ ಶುರುವಾಗುವುದೇ ಒಂದು ಮುಖದಿಂದ. ಕಾಶ್ ಬಳಿಯ ಪುರಾತನ ಕಲ್ಲುಕಂಬಗಳ ನಡುವೆ ಬಹಾರ್ ನಿಂತಿದ್ದಾಳೆ. ಸುಡುಬಿಸಿಲು. ಇಸಾ ಕ್ಯಾಮೆರಾ ಹಿಡಿದು ಕಂಬದಿಂದ ಕಂಬಕ್ಕೆ ಅಲೆಯುತ್ತಿದ್ದಾನೆ. ಅವಳು ಅವನನ್ನು ನೋಡುತ್ತಾಳೆ. ನಡುವೆ ಒಮ್ಮೆ ಬಂದು, ಬೇಜಾರಾಯಿತಾ ಎಂದು ಕೇಳುತ್ತಾನೆ. ಇಲ್ಲ ಎನ್ನುತ್ತಾಳೆ. ಅವನಿಗೆ ಅಷ್ಟು ಸಾಕು, ಮತ್ತೆ ಫೋಟೋಗೆ ಹೋಗುತ್ತಾನೆ. ಅವಳು ಸ್ವಲ್ಪ ಎತ್ತರಕ್ಕೆ ಹತ್ತಿ ಕೂತು ದೂರದಿಂದ ಅವನನ್ನೇ ನೋಡುತ್ತಾಳೆ. ಕ್ಯಾಮೆರಾ ಕದಲುವುದಿಲ್ಲ. ಅವಳ ಮುಖದಲ್ಲಿ ಮೊದಲು ಒಂದು ಸಣ್ಣ ನಗು, ಆಮೇಲೆ ಆಯಾಸ, ಆಮೇಲೆ ಕಣ್ಣೀರು. ಏನಾಯಿತು? ಯಾರೂ ಏನೂ ಅನ್ನಲಿಲ್ಲ. ಸುತ್ತ ನೊಣ ಗುಂಯ್‌ಗುಡುತ್ತಿದೆ. ಇವರ ಸಂಬಂಧ ಮುಗಿದಿದೆ ಎಂಬುದು ಅವಳಿಗೆ ಗೊತ್ತು, ನಮಗೂ ಗೊತ್ತಾಯಿತು. ಗೊತ್ತಿಲ್ಲದವನು ಫೋಟೋ ತೆಗೆಯುತ್ತಿರುವವನು ಮಾತ್ರ. ಒಂದೂ ಮಾತಿಲ್ಲದೆ ಇಷ್ಟನ್ನು ಹೇಳಲು ಆ ನಿಧಾನ ಬೇಕೇ ಬೇಕು. ಅದೇ ಮುಖವನ್ನು ಮೂರು ಸೆಕೆಂಡು ತೋರಿಸಿದ್ದರೆ ಕಣ್ಣಿಗೆ ಬಿಸಿಲು ಬಡಿದಿದೆ ಎಂದುಕೊಳ್ಳುತ್ತಿದ್ದೆವು.

ಜೆಯ್ಲಾನ್ ಮೊದಲಿನ ಚಿತ್ರಗಳಿಗೆ ತಾವೇ ಛಾಯಾಗ್ರಾಹಕರಾಗಿದ್ದರು. ಇಲ್ಲಿ ಆ ಕೆಲಸವನ್ನು ಗೋಖಾನ್ ತಿರ್ಯಾಕಿ ಎಂಬ ಛಾಯಾಗ್ರಾಹಕರಿಗೆ ಬಿಟ್ಟುಕೊಟ್ಟರು. ಫಿಲಂ ರೀಲನ್ನೂ ಬಿಟ್ಟು ಹೈ ಡೆಫಿನಿಷನ್ ಡಿಜಿಟಲ್‌ನಲ್ಲಿ ಚಿತ್ರೀಕರಿಸಿದರು. ಆಗ ಡಿಜಿಟಲ್ ಎಂದರೆ ಸಿನಿಮಾದವರು ಮೂಗು ಮುರಿಯುತ್ತಿದ್ದ ಕಾಲ. ಈ ಚಿತ್ರದಲ್ಲಿ ಸಮುದ್ರತೀರದಲ್ಲಿ ಮಲಗಿದ ಬಹಾರ್‌ಳ ಚರ್ಮದ ಮೇಲಿನ ಬೆವರಹನಿ, ಮುಖದ ಹಿಂದೆ ಎಷ್ಟೋ ದೂರದಲ್ಲಿರುವ ದೋಣಿ, ಎರಡೂ ಒಂದೇ ಚೌಕಟ್ಟಿನಲ್ಲಿ ನಿಚ್ಚಳವಾಗಿ ಕಾಣುತ್ತವೆ. ಹತ್ತಿರದ್ದೂ ದೂರದ್ದೂ ಒಟ್ಟಿಗೆ. ಜೆಯ್ಲಾನ್ ಓದಿದ್ದು ಎಂಜಿನಿಯರಿಂಗ್, ಇಸ್ತಾಂಬುಲ್‌ನ ಬೊಆಜಿಚಿ ವಿಶ್ವವಿದ್ಯಾಲಯದಲ್ಲಿ. ಸಿನಿಮಾಕ್ಕೆ ಬರುವ ಮೊದಲು ಅವರು ಛಾಯಾಚಿತ್ರಕಾರರು. ಆ ಕಣ್ಣು ಎಲ್ಲಿಗೂ ಹೋಗಿಲ್ಲ.

ಇನ್ನು ಪಾತ್ರವರ್ಗಕ್ಕೆ ಬರೋಣ. ಇಸಾ ಪಾತ್ರ ಮಾಡಿದವರು ಸ್ವತಃ ನೂರಿ ಬಿಲ್ಗೆ ಜೆಯ್ಲಾನ್. ಬಹಾರ್ ಪಾತ್ರ ಮಾಡಿದವರು ಅವರ ಹೆಂಡತಿ ಎಬ್ರು ಜೆಯ್ಲಾನ್. ಚಿತ್ರದಲ್ಲಿ ಇಸಾನ ತಂದೆ ತಾಯಿಯಾಗಿ ಬರುವ ವೃದ್ಧ ದಂಪತಿ ನಿರ್ದೇಶಕರ ಸ್ವಂತ ಅಪ್ಪ ಅಮ್ಮ. ಮನೆಯವರನ್ನು ಕ್ಯಾಮೆರಾ ಮುಂದೆ ನಿಲ್ಲಿಸುವುದು ಅವರ ಹಳೆಯ ಅಭ್ಯಾಸ. ಮೊದಲ ಚಿತ್ರಗಳಲ್ಲಿ ಖರ್ಚು ಉಳಿಸಲು ಹೂಡಿದ ಉಪಾಯ ಆಮೇಲೆ ಶೈಲಿಯೇ ಆಯಿತು. ಆದರೆ ಗಂಡ ಹೆಂಡಿರು ಸೇರಿ, ಒಡೆದುಹೋಗುತ್ತಿರುವ ಜೋಡಿಯ ಪಾತ್ರ ಮಾಡುವುದು ಬೇರೆಯೇ ಬಗೆಯ ಧೈರ್ಯ. ಹಾಗಾದರೆ ಇದು ಅವರದೇ ಕಥೆಯೇ ಎಂದು ಕೇಳುವವರು ಕೇಳಿಯೇ ಕೇಳುತ್ತಾರೆ. ನನಗೆ ಆ ಪ್ರಶ್ನೆಯಲ್ಲಿ ಆಸಕ್ತಿ ಇಲ್ಲ. ಅವರಿಬ್ಬರೂ ಇಂದಿಗೂ ಒಟ್ಟಿಗೆ ಚಿತ್ರಕಥೆ ಬರೆಯುತ್ತಿದ್ದಾರೆ. ನನಗೆ ಮುಖ್ಯವೆನಿಸುವುದು, ನಿರ್ದೇಶಕರು ಒಳ್ಳೆಯ ಪಾತ್ರವನ್ನು ಹೆಂಡತಿಗೆ ಕೊಟ್ಟು, ಕೆಟ್ಟದ್ದನ್ನು ತಾವು ಇಟ್ಟುಕೊಂಡರು ಎಂಬುದು. ಇಸಾ ಖಳನಾಯಕ ಅಲ್ಲ. ಕುಡಿದು ಹೊಡೆಯುವವನಲ್ಲ. ಓದಿಕೊಂಡವನು, ಮೆಲುದನಿಯವನು, ಎಲ್ಲರ ಜೊತೆ ನಯವಾಗಿ ಇರುವವನು. ಅದಕ್ಕೇ ಅವನನ್ನು ನೋಡುವಾಗ ಪ್ರೇಕ್ಷಕರಲ್ಲಿನ ಗಂಡಸರು ಕುರ್ಚಿಯಲ್ಲಿ ಸ್ವಲ್ಪ ಅತ್ತಿತ್ತ ಸರಿಯುತ್ತಾರೆ.

ಅವನು ಹೇಗೆ ಬೇರೆಯಾಗುತ್ತಾನೆ ನೋಡಿ. ಸಮುದ್ರದ ದಡ. ಇಸಾನ ಮುಖ ಹತ್ತಿರದಲ್ಲಿದೆ. ಸ್ವಲ್ಪ ದಿನ ಬೇರೆಯಾಗಿ ಇರೋಣ, ಇಬ್ಬರಿಗೂ ಒಳ್ಳೆಯದು, ಸ್ನೇಹಿತರಾಗಿ ಇರಬಹುದಲ್ಲ, ಎಂಬ ಅರ್ಥದ ಮಾತು ಹೇಳುತ್ತಿದ್ದಾನೆ. ಎಷ್ಟು ಅಳೆದು ತೂಗಿ, ಎಷ್ಟು ಮೃದುವಾಗಿ! ಆಮೇಲೆ ಚೌಕಟ್ಟು ತೆರೆದುಕೊಂಡಾಗ ತಿಳಿಯುತ್ತದೆ, ಎದುರಿಗೆ ಯಾರೂ ಇಲ್ಲ. ಬಹಾರ್ ದೂರದಲ್ಲಿ ನೀರಿನಲ್ಲಿದ್ದಾಳೆ. ಇವನು ಅಭ್ಯಾಸ ಮಾಡುತ್ತಿದ್ದಾನೆ. ಪಾಠ ಒಪ್ಪಿಸುವ ಮೊದಲು ಮೇಷ್ಟ್ರು ತಾಲೀಮು ನಡೆಸಿದ್ದಾರೆ. ಅವಳು ಬಂದು ಕೂತ ಮೇಲೆ ಅದೇ ಮಾತು ಅದೇ ದನಿಯಲ್ಲಿ ಬರುತ್ತದೆ. ಅವಳ ಉತ್ತರಕ್ಕೆ ಆ ಭಾಷಣದಲ್ಲಿ ಜಾಗವನ್ನೇ ಬಿಟ್ಟಿಲ್ಲ. ನಗು ಬರುತ್ತದೆ, ಕೂಡಲೇ ನಿಂತೂ ಹೋಗುತ್ತದೆ.

ಆಮೇಲಿನ ಸ್ಕೂಟರ್ ದೃಶ್ಯ ಬಹಳ ಜನರಿಗೆ ನೆನಪಿರುವಂಥದ್ದು. ಗುಡ್ಡದ ರಸ್ತೆಯಲ್ಲಿ ಇಬ್ಬರೂ ಹೋಗುತ್ತಿದ್ದಾರೆ. ಹಿಂದೆ ಕೂತ ಬಹಾರ್ ಇದ್ದಕ್ಕಿದ್ದಂತೆ ಎರಡೂ ಕೈಯಿಂದ ಅವನ ಕಣ್ಣು ಮುಚ್ಚಿಬಿಡುತ್ತಾಳೆ. ಸ್ಕೂಟರ್ ಉರುಳುತ್ತದೆ. ಯಾಕೆ ಹಾಗೆ ಮಾಡಿದಳು ಎಂದು ಚಿತ್ರ ವಿವರಿಸುವುದಿಲ್ಲ. ಇಷ್ಟು ದಿನ ಹೇಗೂ ಏನೂ ಕಾಣದೆ ಓಡಿಸಿದ್ದೀಯಲ್ಲ ಎಂದಳೇನೋ!

ಇಸ್ತಾಂಬುಲ್‌ನ ಭಾಗದಲ್ಲಿ ಒಂದು ದೃಶ್ಯ ಅಸಹ್ಯವೆನಿಸುವಷ್ಟು ದೀರ್ಘ. ಇಸಾ ಸೆರಾಪ್‌ಳ ಮನೆಯಲ್ಲಿ ಕೂತು ಬೀಜ ತಿನ್ನುತ್ತಿದ್ದಾನೆ. ಒಂದು ಬೀಜ ನೆಲಕ್ಕೆ ಬೀಳುತ್ತದೆ. ಅದನ್ನು ಅವಳು ತಿನ್ನಬೇಕೆಂದು ಹಟ. ಅವಳು ಒಲ್ಲೆ ಎನ್ನುತ್ತಾಳೆ. ಆಟ ಕುಸ್ತಿಯಾಗುತ್ತದೆ, ಕುಸ್ತಿ ಬಲಾತ್ಕಾರದ ಅಂಚಿಗೆ ಹೋಗುತ್ತದೆ. ಇಬ್ಬರೂ ನೆಲದ ಮೇಲೆ. ಕ್ಯಾಮೆರಾ ತಗ್ಗಿನಲ್ಲಿ ಕದಲದೆ ಕೂತಿದೆ, ಹಿತವೆನಿಸುವ ಕಡೆ ಕತ್ತರಿಸುವುದಿಲ್ಲ, ಹಿನ್ನೆಲೆ ಸಂಗೀತ ಹಾಕಿ ಇದು ಪ್ರಣಯವೋ ಹಿಂಸೆಯೋ ಎಂದು ನಮಗೆ ಹೇಳಿಕೊಡುವುದಿಲ್ಲ. ಸೆರಾಪ್ ಪಾತ್ರ ಮಾಡಿದ ನಾಜಾನ್ ಕೆಸಾಲ್ ಅವರ ನಗು ಮಾತ್ರ ಕಿವಿಯಲ್ಲಿ ಉಳಿಯುತ್ತದೆ. ಈ ದೃಶ್ಯ ಬೇಕಿತ್ತೇ ಎಂಬ ಜಗಳ ಇದೆ. ಬೇಕಿತ್ತು ಎಂಬ ಕಡೆ ನಾನು. ಸಭ್ಯನ ಸೌಮ್ಯ ದನಿಯ ಅಡಿಯಲ್ಲಿ ಏನಿದೆ ಎಂದು ಒಮ್ಮೆಯಾದರೂ ತೋರಿಸದಿದ್ದರೆ, ಮುಂದೆ ಅವನು ಹಿಮದಲ್ಲಿ ನಿಂತು ನಾನು ಬದಲಾಗಿದ್ದೇನೆ ಎಂದಾಗ ನಾವೂ ನಂಬಿಬಿಡುತ್ತಿದ್ದೆವು.

ಇಲ್ಲಿ ಸ್ವಲ್ಪ ಆಚೆ ಹೋಗುತ್ತೇನೆ. ತುರ್ಕಿಯ ಜನ ಅಳುವ ಸಿನಿಮಾ ನೋಡಿ ಬೆಳೆದವರು. ಇಸ್ತಾಂಬುಲ್‌ನ ಬೆಯೋಲು ಪ್ರದೇಶದ ಒಂದು ಬೀದಿಯ ಹೆಸರಿನಿಂದಲೇ ಅಲ್ಲಿನ ಜನಪ್ರಿಯ ಚಿತ್ರರಂಗವನ್ನು ಯೆಶಿಲ್ಚಾಮ್ ಎನ್ನುತ್ತಾರೆ. 1970ರ ದಶಕದ ಆರಂಭದಲ್ಲಿ ಅದು ವರ್ಷಕ್ಕೆ ಹತ್ತಿರ ಹತ್ತಿರ 300 ಚಿತ್ರ ತೆಗೆಯುತ್ತಿತ್ತು. ಬಡ ಹುಡುಗಿ, ಶ್ರೀಮಂತ ಹುಡುಗ, ತಪ್ಪು ತಿಳಿವಳಿಕೆ, ಕ್ಷಯರೋಗ, ಕೊನೆಗೆ ಆಲಿಂಗನ. ನಮ್ಮ ರಾಜ್ ಕಪೂರ್ ಅವರ ‘ಆವಾರಾ’ 1950ರ ದಶಕದಲ್ಲಿ ಅಲ್ಲಿ ಮನೆಮಾತಾಗಿತ್ತು, ಆಮೇಲೆ ಅದನ್ನು ತುರ್ಕಿಯಲ್ಲೇ ಮತ್ತೆ ತೆಗೆದರು ಕೂಡ. ಟಿವಿ ಬಂದು, ವಿಡಿಯೋ ಬಂದು, ಹಾಲಿವುಡ್ ಬಂದು ಆ ಚಿತ್ರರಂಗ ಕುಸಿದ ಮೇಲೆ, 1990ರ ದಶಕದ ನಡುವಿನಲ್ಲಿ, ಕೈಯಲ್ಲಿ ಕಾಸಿಲ್ಲದ ಕೆಲವರು ಹೊಸದಾಗಿ ಶುರುಮಾಡಿದರು. ಜೆಕಿ ದೆಮಿರ್ಕುಬುಜ್, ಯೆಶಿಮ್ ಉಸ್ತಾಓಲು, ದೆರ್ವಿಶ್ ಜಾಯಿಮ್, ಮತ್ತು ಜೆಯ್ಲಾನ್. ಜೆಯ್ಲಾನ್ ಅವರ ಮೊದಲ ಪೂರ್ಣ ಚಿತ್ರ ‘ಕಸಬಾ’ ಬಂದದ್ದು 1997ರಲ್ಲಿ. ಕಣ್ಣೀರಿನ ಮೇಲೆ ಇವರಿಗೆ ಸಿಟ್ಟಿರಲಿಲ್ಲ. ‘ಇಕ್ಲಿಮ್ಲೆರ್’ನಲ್ಲಿ ಬಹಾರ್ ಎಷ್ಟು ಸಲ ಅಳುತ್ತಾಳೆ ಎಂದರೆ ಯೆಶಿಲ್ಚಾಮ್ ನಾಯಕಿಯರಿಗೆ ಸಮನಾಗುತ್ತಾಳೆ. ಆದರೆ ಅವಳು ಅಳುವಾಗ ಪಿಟೀಲು ಕೇಳಿಸುವುದಿಲ್ಲ.

ಈಗ ಆರಿಗೆ ಹೋಗೋಣ. ಪೂರ್ವದ ಗಡಿ, ಅರಾರತ್ ಪರ್ವತದ ಸೀಮೆ. ಇಸಾ ಅಲ್ಲಿಗೆ ಬಂದದ್ದು ಬಹಾರ್‌ಗಾಗಿ, ಆದರೆ ಬಿಡುವಿನಲ್ಲಿ ಫೋಟೋ ಕೂಡ. ದೊವುಬಯಾಜಿತ್ ಊರಿನ ಮೇಲಿರುವ, 18ನೇ ಶತಮಾನದ ಇಸ್‌ಹಾಕ್ ಪಾಷಾ ಅರಮನೆಗೆ ಟ್ಯಾಕ್ಸಿ ಮಾಡಿಕೊಂಡು ಹೋಗುತ್ತಾನೆ. ಚೌಕಟ್ಟಿನಲ್ಲಿ ಒಬ್ಬ ಮನುಷ್ಯ ಇದ್ದರೆ ಚೆನ್ನ ಎಂದು ಟ್ಯಾಕ್ಸಿ ಓಡಿಸುವ ಹುಡುಗನನ್ನು ನಿಲ್ಲಿಸಿ ತೆಗೆಯುತ್ತಾನೆ. ಹುಡುಗ ಸಂಕೋಚದಿಂದ ಕೇಳುತ್ತಾನೆ, ನನಗೆ ಒಂದು ಪ್ರತಿ ಕಳಿಸುತ್ತೀರಾ? ಅದಕ್ಕೇನಂತೆ, ವಿಳಾಸ ಕೊಡು. ಹುಡುಗ ಚೀಟಿಯಲ್ಲಿ ವಿಳಾಸ ಬರೆದುಕೊಡುತ್ತಾನೆ. ಆಮೇಲೆ ಚಹಾದಂಗಡಿಯಲ್ಲಿ ಕೂತಾಗ ಇಸಾನ ಕೈಗೆ ಆ ಚೀಟಿ ಸಿಗುತ್ತದೆ. ಒಂದು ಕ್ಷಣ ನೋಡಿ ಮುದುರಿಬಿಡುತ್ತಾನೆ. ದ್ವೇಷವಿಲ್ಲ, ತಾತ್ಸಾರವೂ ಇಲ್ಲ, ಕೈ ತಾನಾಗಿ ಮಾಡಿದ ಕೆಲಸ. ಇಡೀ ಚಿತ್ರದಲ್ಲಿ ಇಸಾ ಎಂಥವನು ಎಂದು ಇಷ್ಟು ಚೊಕ್ಕವಾಗಿ ಹೇಳುವ ಇನ್ನೊಂದು ಗಳಿಗೆ ಇಲ್ಲ. ಬಹಾರ್‌ಗೆ ಅವನು ಮಾಡಿದ್ದನ್ನೆಲ್ಲ ಪ್ರೇಮದ ಗೊಂದಲ ಎಂದು ತೇಲಿಸಬಹುದು. ಟ್ಯಾಕ್ಸಿ ಹುಡುಗನ ಚೀಟಿಗೆ ಯಾವ ಸಬೂಬು ಹೇಳುವುದು?

ಅಲ್ಲಿಂದ ವ್ಯಾನಿನ ದೃಶ್ಯ. ಬಾನುಲಿಯವನಾಗಿ ನನಗೆ ಇದು ಚಿತ್ರದ ಅತ್ಯುತ್ತಮ ಭಾಗ. ಚಿತ್ರೀಕರಣ ತಂಡದ ವ್ಯಾನಿನೊಳಗೆ ಬಹಾರ್ ಒಬ್ಬಳೇ ಕೂತಿದ್ದಾಳೆ. ಇಸಾ ಹತ್ತಿ ಕೂತು ಪಿಸುದನಿಯಲ್ಲಿ ಬೇಡಿಕೊಳ್ಳತೊಡಗುತ್ತಾನೆ. ನಾನು ಬದಲಾಗಿದ್ದೇನೆ, ಮದುವೆಯಾಗೋಣ, ಮಕ್ಕಳಾಗಲಿ, ಇಸ್ತಾಂಬುಲ್ ಬಿಡಲೂ ಸಿದ್ಧ. ಅಷ್ಟರಲ್ಲಿ ವ್ಯಾನಿನ ಬಾಗಿಲು ಧಡ್ ಎಂದು ತೆರೆಯುತ್ತದೆ. ತಂಡದ ಯಾರೋ ಸಾಮಾನು ತುಂಬಲು ಬಂದಿದ್ದಾರೆ. ಇಸಾ ಬಾಯಿ ಮುಚ್ಚುತ್ತಾನೆ. ಬಾಗಿಲು ಮುಚ್ಚುತ್ತದೆ. ಮತ್ತೆ ಬದಲಾಗಿದ್ದೇನೆ. ಮತ್ತೆ ಬಾಗಿಲು. ಒಂದು ಬದುಕಿನ ಅತಿ ದೊಡ್ಡ ಮಾತು ಟ್ರೈಪಾಡು, ಪೆಟ್ಟಿಗೆಗಳ ನಡುವೆ ತುಂಡು ತುಂಡಾಗುತ್ತದೆ. ಬಹಾರ್ ಒಂದೂ ಮಾತಾಡದೆ ಅಳುತ್ತಿದ್ದಾಳೆ. ಕೊನೆಗೆ ಅವಳು ಕೇಳುವುದು ಒಂದೇ ಪ್ರಶ್ನೆ. ನಾವು ಬೇರೆಯಾದ ಮೇಲೆ ಸೆರಾಪ್‌ಳನ್ನು ನೋಡಿದೆಯಾ? ಇಲ್ಲ ಎನ್ನುತ್ತಾನೆ ಇಸಾ. ತಡವರಿಸದೆ ಹೇಳುತ್ತಾನೆ. ಅವನಿಗೆ ಸುಳ್ಳು ಸಲೀಸು, ಕೇಳುವುದು ಕಷ್ಟ.

ಅವಳು ನಂಬಿದಳೇ? ನನ್ನ ಓದಿನಲ್ಲಿ ಇಲ್ಲ. ಆದರೂ ಆ ರಾತ್ರಿ ಅವನ ಹೋಟೆಲ್ ಕೋಣೆಯ ಬಾಗಿಲು ತಟ್ಟುತ್ತಾಳೆ. ಯಾಕೆ ಬಂದಳು ಎಂದು ಜೊತೆಯಲ್ಲಿ ಚಿತ್ರ ನೋಡಿದವರೆಲ್ಲ ಕೇಳುತ್ತಾರೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸುಳ್ಳು ಎಂದು ಗೊತ್ತಿದ್ದೂ ಒಂದು ಸಲ ನಂಬಿ ನೋಡುವ ಆಸೆ ಮನುಷ್ಯರಿಗೆ ಇರುತ್ತದೆ ಎಂಬುದಷ್ಟೇ ನನಗೆ ತೋಚುವುದು. ಇಬ್ಬರ ಮುಖ, ಕೈ, ಕೂದಲು, ಹೊಗೆ, ಹೀಗೆ ಬಿಡಿಬಿಡಿಯಾಗಿ ಆ ರಾತ್ರಿ ಕಳೆಯುತ್ತದೆ.

ಬೆಳಿಗ್ಗೆ ಬಹಾರ್ ಗೆಲುವಾಗಿದ್ದಾಳೆ. ಇಡೀ ಚಿತ್ರದಲ್ಲಿ ಅವಳು ಮನಬಿಚ್ಚಿ ಮಾತಾಡುವುದು ಇಲ್ಲಿ. ರಾತ್ರಿ ಬಿದ್ದ ಕನಸು ಹೇಳುತ್ತಾಳೆ. ತಾನು ಹಾರುತ್ತಿದ್ದದ್ದು, ಕೆಳಗೆ ಹಸಿರು ಬಯಲು, ತೀರಿಹೋದ ಅಮ್ಮ ಬದುಕಿದ್ದು ಕೈಬೀಸಿದ್ದು. ಚಿತ್ರದ ಮೊದಲಲ್ಲೂ ಅವಳಿಗೊಂದು ಕನಸು ಬಿದ್ದಿತ್ತು. ಅದರಲ್ಲಿ ಸಮುದ್ರದಂಡೆಯ ಮೇಲೆ ಇಸಾ ಮುದ್ದಿಸುತ್ತಲೇ ಅವಳನ್ನು ಮರಳಿನಲ್ಲಿ ಹೂಳುತ್ತಾನೆ, ಕೊನೆಗೆ ಮುಖದ ಮೇಲೂ ಮರಳು. ಆ ಕನಸಿನಿಂದ ಈ ಕನಸಿಗೆ ಅವಳು ಎಷ್ಟು ದೂರ ಬಂದಿದ್ದಾಳೆ! ಹೇಳುವಾಗ ಅವಳ ಕಣ್ಣು ಹೊಳೆಯುತ್ತಿದೆ. ಇಸಾ ಕೇಳುತ್ತಾನೆ, ನಿನಗೆ ಶೂಟಿಂಗ್ ಎಷ್ಟು ಹೊತ್ತಿಗೆ?

ಅಷ್ಟೇ. ಜಗಳವಿಲ್ಲ, ಬೈಗುಳವಿಲ್ಲ, ತಟ್ಟೆ ಒಡೆಯಲಿಲ್ಲ. ಇದರ ಮುಂದೆ ಸೆರಾಪ್‌ಳ ವಿಷಯದ ಸುಳ್ಳು ಕೂಡ ಸಣ್ಣದು. ಸೋತುಹೋದ ದಾಂಪತ್ಯಗಳ ಕುರಿತು ಎಷ್ಟೋ ಚಿತ್ರ ಬಂದಿವೆ, ಬರ್ಗ್‌ಮನ್, ಆಂತೋನಿಯೋನಿ ಮೊದಲಾದ ಘಟಾನುಘಟಿಗಳು ತೆಗೆದಿದ್ದಾರೆ. ಸಂಬಂಧ ಮುರಿಯುವ ಸದ್ದನ್ನು ಇಷ್ಟು ಚಿಕ್ಕ, ಇಷ್ಟು ಸಾಧಾರಣ ಪ್ರಶ್ನೆಯಲ್ಲಿ ಹಿಡಿದವರು ನನಗೆ ನೆನಪಾಗುವುದಿಲ್ಲ. ಇಸಾ ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ಏನೂ ಸಿಗದು. ಕಾಳಜಿಯ ಮಾತಿನಂತೆಯೇ ಇದೆ.

ಈ ಚಿತ್ರವನ್ನು ನೋಡಲು ಒಂದು ಸಲಹೆ. ಮೊಬೈಲಿನಲ್ಲಿ, ಬಸ್ಸಿನಲ್ಲಿ, ಓಡಿಸಿ ಓಡಿಸಿ ನೋಡಬೇಡಿ. ಇಯರ್‌ಫೋನು ಹಾಕಿಕೊಳ್ಳಿ ಅಥವಾ ಮನೆ ಮಂದಿ ಮಲಗಿದ ಮೇಲೆ ನೋಡಿ. ಸಬ್‌ಟೈಟಲ್‌ಗಾಗಿ ಕಣ್ಣು ಬೇಕಾಗುವುದು ಕಡಿಮೆ, ಕಿವಿ ಹೆಚ್ಚು ಬೇಕು. ಗುಡುಗು ಯಾವಾಗ ಬರುತ್ತದೆ, ವಿಮಾನ ಯಾವಾಗ ಹಾದುಹೋಗುತ್ತದೆ ಎಂದು ಗಮನಿಸಿ. ಪಾತ್ರಗಳು ನುಂಗಿಕೊಂಡದ್ದನ್ನು ಈ ಸದ್ದುಗಳು ಹೇಳಿಬಿಡುತ್ತವೆ.

ಜೆಯ್ಲಾನ್ ಇದರ ನಂತರ ತಮ್ಮ ಚಿತ್ರಗಳಲ್ಲಿ ನಾಯಕನಾಗಿ ನಟಿಸಲಿಲ್ಲ. 2008ರಲ್ಲಿ ‘ತ್ರೀ ಮಂಕೀಸ್’ಗೆ ಕಾನ್‌ನಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ, 2011ರಲ್ಲಿ ‘ಒನ್ಸ್ ಅಪಾನ್ ಎ ಟೈಮ್ ಇನ್ ಅನತೋಲಿಯಾ’ಗೆ ಮತ್ತೆ ಗ್ರಾಂ ಪ್ರಿ, 2014ರಲ್ಲಿ ‘ವಿಂಟರ್ ಸ್ಲೀಪ್’ಗೆ ಕಾನ್‌ನ ಅತ್ಯುನ್ನತ ಪಾಮ್ ದೋರ್ ಬಂದವು. ‘ಇಕ್ಲಿಮ್ಲೆರ್’ ಇಷ್ಟವಾದವರು ‘ವಿಂಟರ್ ಸ್ಲೀಪ್’ ನೋಡಲೇಬೇಕು. ಎಬ್ರು ಜೆಯ್ಲಾನ್ ಗಂಡನ ಜೊತೆ ಕೂತು ಬರೆದ ಚಿತ್ರಕಥೆ ಅದು. ಅಲ್ಲಿಯೂ ಹಿಮ ಇದೆ, ಅಲ್ಲಿಯೂ ಓದಿಕೊಂಡ ನಡುವಯಸ್ಸಿನ ಗಂಡಸು ಇದ್ದಾನೆ, ತುಂಬ ಚಿಕ್ಕ ವಯಸ್ಸಿನ ಹೆಂಡತಿ ಇದ್ದಾಳೆ. ವ್ಯತ್ಯಾಸವೆಂದರೆ ಇಲ್ಲಿ ಯಾರೂ ಮಾತಾಡುವುದಿಲ್ಲ, ಅಲ್ಲಿ ಯಾರೂ ಬಾಯಿ ಮುಚ್ಚುವುದಿಲ್ಲ. 3 ಗಂಟೆ 16 ನಿಮಿಷ, ಹೆಂಡತಿ ಜವಾಬು ಕೊಡುತ್ತಾಳೆ, ಸೋದರಿಯೂ ಜವಾಬು ಕೊಡುತ್ತಾಳೆ, ಗಂಡಸಿಗೆ ಎರಡೂ ಕಡೆಯಿಂದ ಚೆನ್ನಾಗಿ ಬೀಳುತ್ತದೆ. ಊಟ ಮುಗಿಸಿಕೊಂಡೇ ಕೂರಿ.